ಮದರ್‌ಬೋರ್ಡ್ ಕೊಳ್ಳುವಾಗ ಕಂಪನಿ ನೋಡಬೇಕಾ, ಮಾಡೆಲ್ ನೋಡಬೇಕಾ?

ಹೊಸ ಕಂಪ್ಯೂಟರ್ ಜೋಡಿಸಲು ಹೊರಟವರು ಪ್ರೊಸೆಸರ್ ಬಗ್ಗೆ ವಾರಗಟ್ಟಲೆ ಓದುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಇನ್ನೂ ಜಾಸ್ತಿ ಓದುತ್ತಾರೆ. ಈ ಭಾಗಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಮದರ್‌ಬೋರ್ಡ್ ಸರದಿ ಬಂದಾಗ ಮಾತ್ರ ಒಂದೇ ಪ್ರಶ್ನೆ: "ಯಾವ ಕಂಪನಿದು ತಗೊಳ್ಳಲಿ?"

ಗೆಳೆಯರಿಗೆ, ನೆಂಟರಿಗೆ ಕಂಪ್ಯೂಟರ್ ಜೋಡಿಸಿಕೊಡಲು ಶುರು ಮಾಡಿ ಹಲವು ವರ್ಷ ಆಯಿತು. ಮೊದಮೊದಲು ನಾನೂ ಒಂದು ಕಂಪನಿಯ ಹೆಸರು ಹೇಳಿ ಮುಗಿಸುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಪ್ರತಿ ಕಂಪನಿಯೂ ಹತ್ತಾರು ಬೋರ್ಡ್ ಮಾಡುತ್ತದೆ. ಒಂದೇ ಕಂಪನಿಯ ಅಗ್ಗದ ಬೋರ್ಡಿಗೂ ಮಧ್ಯಮ ಬೋರ್ಡಿಗೂ ದೊಡ್ಡ ವ್ಯತ್ಯಾಸ ಇರುತ್ತದೆ. ಎರಡು ಬೇರೆ ಕಂಪನಿಗಳ ಮಧ್ಯಮ ಬೋರ್ಡುಗಳನ್ನು ಪಕ್ಕಪಕ್ಕ ಇಟ್ಟರೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಮೊದಲು ಯಾವ ದರ್ಜೆಯ ಬೋರ್ಡ್ ಬೇಕು ಅಂತ ತೀರ್ಮಾನ ಮಾಡಬೇಕು. ಆ ದರ್ಜೆಯೊಳಗೆ ಕಂಪನಿಗಳನ್ನು ಹೋಲಿಸಬೇಕು.

ಕಂಪನಿ ಯಾವುದಾದರೂ ಆದೀತು ಅಂತ ಮಾತ್ರ ನಾನು ಹೇಳುತ್ತಿಲ್ಲ. ಮೂರು ವಿಷಯದಲ್ಲಿ ಅದು ನಿಜಕ್ಕೂ ಮುಖ್ಯ: ಬಯೋಸ್ (ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೋರ್ಡಿನೊಳಗೆ ಓಡುವ ಮೊದಲ ಪ್ರೋಗ್ರಾಂ), ಮ್ಯಾನ್ಯುಯಲ್, ಮತ್ತೆ ಬೋರ್ಡ್ ಕೆಟ್ಟಾಗ ಸಿಗುವ ಸರ್ವಿಸ್. ಜಾಹೀರಾತಿನಲ್ಲಿ ಈ ಮೂರೂ ಕಾಣುವುದಿಲ್ಲ, ಕಾಣುವುದು ಬಣ್ಣದ ದೀಪ.

ನಾಲ್ಕು ಮುಖ್ಯ ಕಂಪನಿಗಳು

ಅಂಗಡಿಯಲ್ಲಿ ಸಿಗುವ ಬೋರ್ಡುಗಳಲ್ಲಿ ಹೆಚ್ಚಿನವು ನಾಲ್ಕು ಕಂಪನಿಗಳವು: ಆಸುಸ್, ಎಂಎಸ್‌ಐ, ಗಿಗಾಬೈಟ್, ಆಸ್‌ರಾಕ್. ನಾಲ್ಕೂ ತೈವಾನಿನವೇ. ಎಂಎಸ್‌ಐ ಮತ್ತು ಗಿಗಾಬೈಟ್ 1986ರಲ್ಲಿ ಶುರುವಾದವು, ಆಸುಸ್ 1989ರಲ್ಲಿ. ಪೆಗಾಸಸ್ ಅನ್ನುವ ರೆಕ್ಕೆಯ ಕುದುರೆಯ ಹೆಸರಿನ ಕೊನೆಯ ನಾಲ್ಕು ಅಕ್ಷರಗಳೇ ಆಸುಸ್. ಆಸ್‌ರಾಕ್ 2002ರಲ್ಲಿ ಆಸುಸ್ ಒಳಗಿನಿಂದಲೇ ಹುಟ್ಟಿತು. ಆಮೇಲೆ ಪೆಗಾಟ್ರಾನ್ ಗುಂಪಿನ ಜೊತೆ ಸೇರಿ ಬೇರೆಯಾಯಿತು. ಶುರುವಿನಲ್ಲಿ ಅದು ಅಗ್ಗದ ಬೋರ್ಡುಗಳ ಕಂಪನಿಯಾಗಿತ್ತು. ಆ ಹಳೆಯ ನೆನಪಿನಿಂದ ಇವತ್ತಿಗೂ ಕೆಲವರು ಅದನ್ನು ಕೀಳಾಗಿ ನೋಡುತ್ತಾರೆ. ಇದು ಸರಿಯಲ್ಲ. ಅವರ ತೈಚಿ ಸಾಲಿನ ಬೋರ್ಡುಗಳು ಯಾರ ಮೇಲ್ದರ್ಜೆಯ ಬೋರ್ಡಿನ ಪಕ್ಕದಲ್ಲಾದರೂ ನಿಲ್ಲುತ್ತವೆ.

ಇವುಗಳ ಜೊತೆ ಬಯೋಸ್ಟಾರ್ ಕೂಡ ಇದೆ, ಅದೂ ತೈವಾನಿನದೇ. ಇಂಟೆಲ್ ಒಂದು ಕಾಲದಲ್ಲಿ ತಾನೇ ಮದರ್‌ಬೋರ್ಡ್ ಮಾಡುತ್ತಿತ್ತು. 2013ರಲ್ಲಿ ಡೆಸ್ಕ್‌ಟಾಪ್ ಬೋರ್ಡ್ ವ್ಯವಹಾರ ಬಿಡುವುದಾಗಿ ಹೇಳಿತು. ಎನ್‌ಝಡ್‌ಎಕ್ಸ್‌ಟಿ ಹೆಸರಿನಲ್ಲೂ ಬೋರ್ಡ್ ಸಿಗುತ್ತವೆ, ಅವುಗಳನ್ನು ಮಾಡಿಕೊಡುವುದು ಆಸ್‌ರಾಕ್.

ಯಾವ ಕಂಪನಿಯ ಬೋರ್ಡ್ ತೆಗೆದುಕೊಂಡರೂ ಅದರ ಮೇಲಿನ ಮುಖ್ಯ ಚಿಪ್‌ಗಳು ಬಹುಪಾಲು ಒಂದೇ ಕಡೆಯಿಂದ ಬಂದವು. ಪ್ರೊಸೆಸರ್‌ಗೂ ಬೋರ್ಡಿನ ಉಳಿದ ಪೋರ್ಟುಗಳಿಗೂ ನಡುವೆ ಕೆಲಸ ಮಾಡುವ ಚಿಪ್‌ಸೆಟ್, ಪ್ರೊಸೆಸರ್ ಕಂಪನಿಗಳಾದ ಎಎಂಡಿ ಅಥವಾ ಇಂಟೆಲ್ ಕೊಟ್ಟಿದ್ದು. ಸೌಂಡ್ ಚಿಪ್ ಹೆಚ್ಚಾಗಿ ರಿಯಲ್‌ಟೆಕ್‌ನದು. ನೆಟ್‌ವರ್ಕ್ ಚಿಪ್ ರಿಯಲ್‌ಟೆಕ್ ಅಥವಾ ಇಂಟೆಲ್‌ನದು. "ಈ ಕಂಪನಿ ಬೋರ್ಡ್ ಸ್ಪೀಡು ಜಾಸ್ತಿ" ಅನ್ನುವ ಮಾತಿಗೆ ಹಾಗಾಗಿ ಅರ್ಥ ಕಡಿಮೆ. ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಸೆಟ್ಟಿಂಗ್ ಇದ್ದರೆ ಸ್ಪೀಡು ಹೆಚ್ಚುಕಡಿಮೆ ಒಂದೇ. ಕಂಪನಿಯ ಕೈಚಳಕ ಕಾಣುವುದು ಕರೆಂಟ್ ಕೊಡುವ ಭಾಗದಲ್ಲಿ, ಸ್ಲಾಟುಗಳನ್ನು ಹಂಚಿದ ರೀತಿಯಲ್ಲಿ, ಬಯೋಸ್‌ನಲ್ಲಿ.

ಹೆಸರಿನ ಒಳಗೆ ದರ್ಜೆ ಅಡಗಿದೆ

ಈ ಕಂಪನಿಗಳು ಬೋರ್ಡುಗಳಿಗೆ ಇಡುವ ಹೆಸರು ಕೇಳಿದರೆ ತಲೆ ತಿರುಗುತ್ತದೆ. ಸ್ವಲ್ಪ ಬಿಡಿಸಿಕೊಂಡರೆ ಸುಲಭ.

ಆಸುಸ್‌ನಲ್ಲಿ ಪ್ರೈಮ್ ಕೆಳಗಿನದು, ಟಫ್ ಗೇಮಿಂಗ್ ಮಧ್ಯದ್ದು, ಆರ್‌ಒಜಿ ಸ್ಟ್ರಿಕ್ಸ್ ಅದಕ್ಕಿಂತ ಮೇಲೆ. ತುತ್ತತುದಿಯಲ್ಲಿ ಇಂಟೆಲ್‌ಗೆ ಮ್ಯಾಕ್ಸಿಮಸ್, ಎಎಂಡಿಗೆ ಕ್ರಾಸ್‌ಹೇರ್. ಪ್ರೋಆರ್ಟ್ ಅನ್ನುವುದು ವಿಡಿಯೋ, ಫೋಟೋ ಕೆಲಸದವರಿಗೆ ಮಾಡಿದ ಸಾಲು. ಎಂಎಸ್‌ಐನಲ್ಲಿ ಪ್ರೋ ಕೆಳಗೆ, ಮ್ಯಾಗ್ ಮಧ್ಯೆ, ಎಂಪಿಜಿ ಅದರ ಮೇಲೆ, ಎಂಇಜಿ ತುದಿಗೆ. ಟೊಮಾಹಾಕ್, ಮಾರ್ಟರ್ ಅನ್ನುವ ಹೆಸರುಗಳು ಮ್ಯಾಗ್ ಸಾಲಿನವು. ಗಿಗಾಬೈಟ್‌ನಲ್ಲಿ ಯುಡಿ, ಈಗಲ್, ಗೇಮಿಂಗ್ ಎಕ್ಸ್ ಆದಮೇಲೆ ಆರಸ್ ಎಲೀಟ್, ಆರಸ್ ಪ್ರೋ, ಆರಸ್ ಮಾಸ್ಟರ್, ಆರಸ್ ಎಕ್ಸ್‌ಟ್ರೀಮ್ ಅಂತ ಏರುತ್ತಾ ಹೋಗುತ್ತದೆ. ಆಸ್‌ರಾಕ್‌ನಲ್ಲಿ ಎಚ್‌ಡಿವಿ ತಳದ್ದು, ಪ್ರೋ ಆರ್‌ಎಸ್ ಮತ್ತು ಸ್ಟೀಲ್ ಲೆಜೆಂಡ್ ಮಧ್ಯದ್ದು, ತೈಚಿ ಮೇಲಿನದು.

ಟಫ್, ಟೊಮಾಹಾಕ್, ಆರಸ್ ಎಲೀಟ್, ಸ್ಟೀಲ್ ಲೆಜೆಂಡ್ ಈ ನಾಲ್ಕೂ ಸುಮಾರಾಗಿ ಒಂದೇ ದರ್ಜೆಯವು. ಹೆಚ್ಚಿನವರಿಗೆ ಬೇಕಾದ ಬೋರ್ಡ್ ಇಲ್ಲೇ ಸಿಗುತ್ತದೆ. ಹೋಲಿಸುವುದಾದರೆ ಇವನ್ನು ಒಂದಕ್ಕೊಂದು ಹೋಲಿಸಿ. ಒಂದು ಕಂಪನಿಯ ತಳದ ಬೋರ್ಡನ್ನು ಇನ್ನೊಂದರ ಮಧ್ಯದ ಬೋರ್ಡಿನ ಜೊತೆ ಇಟ್ಟು "ಈ ಕಂಪನಿ ಚೆನ್ನಾಗಿಲ್ಲ" ಅನ್ನುವುದು ಅನ್ಯಾಯ.

ಒಂದು ಎಚ್ಚರಿಕೆ. ಪ್ರೈಮ್ ಅಂತಲೋ ಪ್ರೋ ಅಂತಲೋ ಸಾಲಿನ ಹೆಸರು ಒಂದನ್ನೇ ನೋಡಿ ಕೊಳ್ಳಬೇಡಿ. ಅದೇ ಹೆಸರು ಅತಿ ಅಗ್ಗದ ಚಿಪ್‌ಸೆಟ್‌ನಿಂದ ಹಿಡಿದು ದುಬಾರಿ ಚಿಪ್‌ಸೆಟ್‌ವರೆಗೂ ಇರುತ್ತದೆ. ಎಂಎಸ್‌ಐನ ಪ್ರೋ ಸಾಲಿನಲ್ಲಿ ಝಡ್890 ಬೋರ್ಡೂ ಇದೆ, ಅದು ಗಟ್ಟಿ ಬೋರ್ಡ್. ಹೆಸರಿನ ಜೊತೆ ಚಿಪ್‌ಸೆಟ್ ನಂಬರ್ ಕೂಡ ಓದಬೇಕು.

ಚಿಪ್‌ಸೆಟ್ ನಂಬರ್ ಓದುವುದು

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು. ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ತಳದಲ್ಲಿ ಎ620, ಮೇಲೆ ಬಿ650, ಬಿ850, ಅದರ ಮೇಲೆ ಎಕ್ಸ್870, ಎಕ್ಸ್870ಇ. ಬಿ840 ಅಂತ ಒಂದು ಇದೆ, ಅದರ ಬಗ್ಗೆ ಹುಷಾರಾಗಿರಿ. ನಂಬರ್ ನೋಡಿದರೆ ಬಿ850ರ ತಮ್ಮನ ಹಾಗೆ ಕಾಣುತ್ತದೆ. ಆದರೆ ಅದರ ಚಿಪ್‌ಸೆಟ್ ಕೊಡುವ ಲೇನ್‌ಗಳು (ಕಾರ್ಡ್, ಡ್ರೈವ್‌ಗಳಿಗೆ ಡೇಟಾ ಹೋಗುವ ದಾರಿಗಳು) ಹಳೆಯ, ನಿಧಾನದ ಪಿಸಿಐಇ 3.0. ಪ್ರೊಸೆಸರ್ ಓವರ್‌ಕ್ಲಾಕ್, ಅಂದರೆ ಅದನ್ನು ನಿಗದಿತ ಸ್ಪೀಡಿಗಿಂತ ಜಾಸ್ತಿ ಓಡಿಸುವುದು ಕೂಡ ಅದರಲ್ಲಿ ಆಗುವುದಿಲ್ಲ. ಬಿ650 ಮತ್ತು ಬಿ850ರಲ್ಲಿ ಆಗುತ್ತದೆ. ಎಕ್ಸ್870 ಅಂತ ಬರೆದಿದ್ದರೆ ವೇಗದ ಯುಎಸ್‌ಬಿ4 ಪೋರ್ಟ್ ಇರಲೇಬೇಕು, ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 5.0 ಆಗಿರಲೇಬೇಕು. ಇವೆರಡೂ ಬೇಡ ಅನ್ನುವವರಿಗೆ ಬಿ ಸಾಲೇ ಸಾಕು.

ಇಂಟೆಲ್ ಕಡೆ 2024ರಲ್ಲಿ ಎಲ್‌ಜಿಎ1851 ಸಾಕೆಟ್ ಬಂತು, ಕೋರ್ ಅಲ್ಟ್ರಾ 200 ಸಾಲಿನ ಜೊತೆ. ಎಚ್810, ಬಿ860, ಝಡ್890 ಅದರ ಮೆಟ್ಟಿಲುಗಳು. ಇಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಝಡ್ ಬೋರ್ಡಿನಲ್ಲಿ ಮಾತ್ರ. ಹಿಂದಿನ ಎಲ್‌ಜಿಎ1700ರ ಬೋರ್ಡುಗಳು ಕೆಲವು ಡಿಡಿಆರ್4, ಕೆಲವು ಡಿಡಿಆರ್5. ಮಾಡೆಲ್ ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಅಂತ ಇದೆಯಾ ನೋಡಿ. ಒಂದು ಬಗೆಯ ರ‍್ಯಾಮ್ ಇನ್ನೊಂದರ ಸ್ಲಾಟಿಗೆ ಕೂರುವುದೇ ಇಲ್ಲ.

ಕರೆಂಟ್ ಕೊಡುವ ಭಾಗ

ಕಂಪ್ಯೂಟರಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 12 ವೋಲ್ಟ್ ಬರುತ್ತದೆ. ಪ್ರೊಸೆಸರ್‌ಗೆ ಬೇಕಾಗುವುದು ಸುಮಾರು ಒಂದು ವೋಲ್ಟ್, ಸ್ವಲ್ಪ ಆಚೀಚೆ. ಅದನ್ನು ಇಳಿಸಿ ಕೊಡುವುದು ಸಾಕೆಟ್ ಪಕ್ಕದ ವಿಆರ್‌ಎಂ. ಅದರ ಮೇಲೆ ಲೋಹದ ಹೀಟ್‌ಸಿಂಕ್ ಕೂತಿರುತ್ತದೆ. ಈ ಭಾಗ ಬಡಕಲಾಗಿದ್ದರೆ ತುಂಬಾ ಕಾಯುತ್ತದೆ. ಕಾದರೆ ಪ್ರೊಸೆಸರ್ ತನ್ನ ಸ್ಪೀಡು ತಾನೇ ಇಳಿಸಿಕೊಳ್ಳುತ್ತದೆ.

ಡಬ್ಬದ ಮೇಲೆ 14+2+1 ಅಂತೆಲ್ಲ ಬರೆದಿರುತ್ತಾರೆ. ಮೊದಲ ಸಂಖ್ಯೆ ಪ್ರೊಸೆಸರ್‌ನ ಕೋರ್‌ಗಳಿಗೆ ಕರೆಂಟ್ ಕೊಡುವ ಫೇಸ್‌ಗಳದು. ಫೇಸ್ ಅಂದರೆ ವಿಆರ್‌ಎಂ ಒಳಗೆ ಕೆಲಸ ಹಂಚಿಕೊಳ್ಳುವ ಒಂದೊಂದು ಭಾಗ. ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಅನ್ನುವುದು ಅರ್ಧ ನಿಜ. ಎರಡೆರಡು ಫೇಸ್ ಜೋಡಿ ಮಾಡಿ ಒಟ್ಟಿಗೆ ಓಡಿಸಿ 14 ಅಂತ ಬರೆಯುವುದೂ ಉಂಟು. ಪ್ರತಿ ಪವರ್ ಸ್ಟೇಜ್ (ಫೇಸ್‌ನಲ್ಲಿ ಕರೆಂಟ್ ಹಾಯುವ ಚಿಪ್) ಎಷ್ಟು ಆಂಪಿಯರ್ ತಡೆಯುತ್ತದೆ ಅನ್ನುವುದೂ ಮುಖ್ಯ. 50 ಆಂಪಿಯರ್‌ನದೂ ಇದೆ, 80 ಅಥವಾ 90ರದೂ ಇದೆ. ಮತ್ತೆ ಹೀಟ್‌ಸಿಂಕ್ ನಿಜಕ್ಕೂ ತೂಕದ ಲೋಹವಾ, ಬರೀ ಚೆಂದದ ಮುಚ್ಚಳವಾ ಅಂತ ನೋಡಬೇಕು.

ನಿಮಗೆ ಎಷ್ಟು ಬೇಕು ಅನ್ನುವುದನ್ನು ಪ್ರೊಸೆಸರ್ ಹೇಳುತ್ತದೆ. ಎಎಂಡಿಯ ರೈಜೆನ್ 5 7600 ತೆಗೆದುಕೊಳ್ಳುವ ಮಿತಿ 88 ವಾಟ್. ಇದಕ್ಕೆ ಸಾಧಾರಣ ಬಿ ಬೋರ್ಡ್ ಯಾವ ಕಂಪನಿಯದಾದರೂ ಧಾರಾಳ. ರೈಜೆನ್ 9 9950ಎಕ್ಸ್ 230 ವಾಟ್‌ವರೆಗೆ ಎಳೆಯುತ್ತದೆ. ಇಂಟೆಲ್‌ನ ಕೋರ್ ಐ9 14900ಕೆ 253 ವಾಟ್. ಇಂಥವನ್ನು ಹೀಟ್‌ಸಿಂಕ್ ಇಲ್ಲದ ತಳದ ಬೋರ್ಡಿನಲ್ಲಿ ಕೂರಿಸಿ, ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡಿದರೆ, ಕೊಟ್ಟ ದುಡ್ಡಿನಷ್ಟು ಕೆಲಸ ಸಿಗುವುದಿಲ್ಲ. ಮಧ್ಯಮ ದರ್ಜೆಯ ಆ ನಾಲ್ಕು ಬೋರ್ಡುಗಳು ಇಂಥ ಪ್ರೊಸೆಸರ್‌ಗಳನ್ನೂ ಹೊರುತ್ತವೆ. ಅದಕ್ಕಿಂತ ಮೇಲೆ ಹೋದರೆ ನೀವು ಕೊಡುವ ದುಡ್ಡು ಹೆಚ್ಚಾಗಿ ಪೋರ್ಟುಗಳಿಗೆ, ಜಾಸ್ತಿ ಎಂ.2 ಸ್ಲಾಟುಗಳಿಗೆ (ಪುಟ್ಟ ಎಸ್‌ಎಸ್‌ಡಿ ಡ್ರೈವ್ ಕೂರುವ ಜಾಗ), ನೋಟಕ್ಕೆ ಹೋಗುತ್ತದೆ.

ಬಯೋಸ್: ನಾನು ಕಂಪನಿ ನೋಡುವುದು ಇಲ್ಲಿ

ಬೋರ್ಡ್ ಕೊಂಡ ದಿನ ಹೇಗಿದೆ ಅನ್ನುವುದು ಒಂದು ಮಾತು. ಮೂರು ವರ್ಷ ಆದಮೇಲೆ ಅದಕ್ಕೆ ಹೊಸ ಬಯೋಸ್ ಬರುತ್ತಿದೆಯಾ ಅನ್ನುವುದು ಇನ್ನೊಂದು ಮಾತು. ನನಗೆ ಎರಡನೆಯದೇ ದೊಡ್ಡದು.

ಎಎಂಡಿಯ ಹಿಂದಿನ ಎಎಂ4 ಸಾಕೆಟ್‌ನ ಕತೆ ನೋಡಿ. 2017ರಲ್ಲಿ ಮೊದಲ ರೈಜೆನ್ ಅದರ ಮೇಲೆ ಬಂತು. 2022ರಲ್ಲಿ ರೈಜೆನ್ 7 5800ಎಕ್ಸ್3ಡಿ ಕೂಡ ಅದೇ ಸಾಕೆಟ್‌ಗೆ ಬಂತು. ಬಯೋಸ್ ಸಿಕ್ಕಿದವರು ಹಳೆಯ ಬೋರ್ಡ್ ಬಿಚ್ಚದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಿಕೊಂಡರು. ನಡುವೆ ಒಂದು ತೊಡಕೂ ಬಂತು. ಹಲವು ಬೋರ್ಡುಗಳಲ್ಲಿ ಬಯೋಸ್ ಚಿಪ್ 16 ಎಂಬಿ ಮಾತ್ರ ಇತ್ತು. ಅಷ್ಟೂ ಪ್ರೊಸೆಸರ್‌ಗಳ ವಿವರ ಅದರೊಳಗೆ ಹಿಡಿಸಲಿಲ್ಲ. ಎಂಎಸ್‌ಐ 2019ರಲ್ಲಿ 32 ಎಂಬಿ ಚಿಪ್ ಹಾಕಿದ ಮ್ಯಾಕ್ಸ್ ಹೆಸರಿನ ಬೋರ್ಡುಗಳನ್ನು ತಂದಿತು. ಬಿ450 ಟೊಮಾಹಾಕ್ ಮ್ಯಾಕ್ಸ್ ಅಷ್ಟು ಜನಪ್ರಿಯ ಆಗಿದ್ದು ಈ ಕಾರಣಕ್ಕೂ ಹೌದು. ಎಎಂ5ಕ್ಕೆ 2027 ಮತ್ತು ಅದರಾಚೆಗೂ ಬೆಂಬಲ ಇದೆ ಅಂತ ಎಎಂಡಿ ಹೇಳಿದೆ. ಹಾಗಾಗಿ ಈಗ ಕೊಳ್ಳುವ ಬೋರ್ಡಿನ ಬಯೋಸ್ ಮುಂದೆ ಬರುತ್ತಿರುತ್ತದಾ ಅನ್ನುವುದು ನಿಜವಾದ ಪ್ರಶ್ನೆ.

ಇದನ್ನು ತಿಳಿಯಲು ಸುಲಭ ದಾರಿ ಇದೆ. ಕಂಪನಿಯ ಸೈಟಿನಲ್ಲಿ ಆ ಬೋರ್ಡಿನ ಸಪೋರ್ಟ್ ಪುಟ ತೆರೆಯಿರಿ. ಬಯೋಸ್ ಪಟ್ಟಿಯ ತಾರೀಕು ನೋಡಿ. ಹಾಗೇ ಅದೇ ಕಂಪನಿಯ, ಅದೇ ದರ್ಜೆಯ, ನಾಲ್ಕೈದು ವರ್ಷ ಹಿಂದಿನ ಬೋರ್ಡಿನ ಪುಟವನ್ನೂ ನೋಡಿ. ಅದಕ್ಕೆ ಇತ್ತೀಚೆಗೂ ಬಯೋಸ್ ಬಂದಿದ್ದರೆ ನಿಮ್ಮದಕ್ಕೂ ಬರುವ ಸಾಧ್ಯತೆ ಹೆಚ್ಚು. ಹತ್ತು ನಿಮಿಷದ ಕೆಲಸ. ನಾಲ್ಕು ದೊಡ್ಡ ಕಂಪನಿಗಳೂ ಇದರಲ್ಲಿ ಚೆನ್ನಾಗೇ ಇವೆ. ಕಡಿಮೆ ಹೆಸರಿನ ಬೋರ್ಡನ್ನು ಕೊಳ್ಳುವ ಮುಂಚೆ ಮಾತ್ರ ಇದನ್ನು ತಪ್ಪದೆ ಮಾಡಿ.

ಬಯೋಸ್ ಅಪ್‌ಡೇಟ್ ಬರೀ ಹೊಸ ಪ್ರೊಸೆಸರ್‌ಗಾಗಿ ಅಲ್ಲ. 2023ರಲ್ಲಿ ಕೆಲವು ರೈಜೆನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟುಹೋದವು. ಪ್ರೊಸೆಸರ್‌ನ ಒಂದು ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್ 1.3 ವೋಲ್ಟ್ ದಾಟದ ಹಾಗೆ ಹೊಸ ಬಯೋಸ್‌ಗಳಲ್ಲಿ ಬೇಲಿ ಹಾಕಿದರು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳು ವೋಲ್ಟೇಜ್ ಹೆಚ್ಚಾಗಿ ಹಾಳಾಗುತ್ತಿರುವುದು ಗೊತ್ತಾಯಿತು. ಆಗಸ್ಟ್‌ನಲ್ಲಿ ಹೊಸ ಮೈಕ್ರೋಕೋಡ್, ಅಂದರೆ ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ ಬಂತು. ಅದೂ ಬಯೋಸ್ ಮೂಲಕವೇ ಕೈಗೆ ಸಿಕ್ಕಿದ್ದು. ಆಗಲೇ ಕೆಟ್ಟಿದ್ದನ್ನು ಅದು ಸರಿ ಮಾಡುವುದಿಲ್ಲ, ಕೆಡದೆ ಇರುವುದನ್ನು ಕಾಪಾಡುತ್ತದೆ. ಆದ್ದರಿಂದ ಬೋರ್ಡ್ ಬಂದ ದಿನವೇ ಬಯೋಸ್ ಹೊಸದು ಮಾಡಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಇದಕ್ಕೆ ಸಂಬಂಧಿಸಿ ನಾನು ಬಿಟ್ಟುಕೊಡದ ಒಂದು ಸೌಲಭ್ಯ ಇದೆ. ಪ್ರೊಸೆಸರ್ ಇಲ್ಲದೆಯೇ ಬಯೋಸ್ ಹಾಕುವ ಬಟನ್. ಆಸುಸ್ ಮತ್ತು ಆಸ್‌ರಾಕ್ ಇದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುತ್ತವೆ, ಎಂಎಸ್‌ಐ ಫ್ಲ್ಯಾಶ್ ಬಯೋಸ್ ಬಟನ್ ಅನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್ ಅನ್ನುತ್ತದೆ. ಬೋರ್ಡ್ ಗೋಡೌನ್‌ನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ನಿಮ್ಮ ಪ್ರೊಸೆಸರ್ ಅದಕ್ಕಿಂತ ಹೊಸದು ಅಂದುಕೊಳ್ಳಿ. ಆಗ ಪರದೆ ಹತ್ತುವುದೇ ಇಲ್ಲ. ಈ ಬಟನ್ ಇದ್ದರೆ ಎಸ್‌ಎಂಪಿಎಸ್ ಜೋಡಿಸಿ, ಪೆನ್ ಡ್ರೈವ್ ಚುಚ್ಚಿ, ಒತ್ತಿದರೆ ಆಯಿತು. ಇಲ್ಲದಿದ್ದರೆ ಹಳೆಯ ಪ್ರೊಸೆಸರ್ ಒಂದನ್ನು ಯಾರ ಹತ್ತಿರವಾದರೂ ಎರವಲು ತರಬೇಕು. ಹಾಗೆ ತಂದು ಒಂದು ಸಲ ಕೆಲಸ ಮುಗಿಸಿದ್ದೇನೆ, ಇನ್ನೊಮ್ಮೆ ಬೇಡ.

ಪೆನ್ ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ ಇರಬೇಕು. ಫೈಲಿನ ಹೆಸರೂ ಬದಲಾಯಿಸಬೇಕು. ಎಂಎಸ್‌ಐಗೆ ಎಂಎಸ್‌ಐ ಡಾಟ್ ರಾಮ್, ಗಿಗಾಬೈಟ್‌ಗೆ ಗಿಗಾಬೈಟ್ ಡಾಟ್ ಬಿನ್, ಆಸ್‌ರಾಕ್‌ಗೆ ಕ್ರಿಯೇಟಿವ್ ಡಾಟ್ ರಾಮ್. ಆಸುಸ್‌ನ ಡೌನ್‌ಲೋಡ್ ಒಳಗೆ ಹೆಸರು ಬದಲಾಯಿಸುವ ಸಣ್ಣ ಪ್ರೋಗ್ರಾಂ ಇರುತ್ತದೆ. ಬಟನ್ ಕೆಲಸ ಮಾಡುತ್ತಿಲ್ಲ ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಈ ಹೆಸರು ಅಥವಾ ಫಾರ್ಮ್ಯಾಟ್.

ಒಳಗಿನ ಪರದೆಗಳ ಬಗ್ಗೆ ಹೇಳುವುದಾದರೆ, ನನ್ನ ಕಣ್ಣಿಗೆ ಆಸುಸ್‌ನದು ಹೆಚ್ಚು ಅಚ್ಚುಕಟ್ಟು. ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದು) ಹೊಂದಿಸುವುದು ಅದರಲ್ಲಿ ಸಲೀಸು. ಎಂಎಸ್‌ಐನದೂ ಹೊಸಬರಿಗೆ ಬೇಗ ಅರ್ಥವಾಗುತ್ತದೆ. ಗಿಗಾಬೈಟ್‌ನಲ್ಲಿ ಬೇಕಾದ್ದೆಲ್ಲ ಇದೆ, ಆದರೆ ಎಲ್ಲಿದೆ ಅಂತ ಹುಡುಕಬೇಕು. ಆಸ್‌ರಾಕ್‌ನದು ಸಾದಾ, ಆಯ್ಕೆಗಳು ಮಾತ್ರ ಧಾರಾಳ. ಒಂದು ಸಲ ಸೆಟ್ ಮಾಡಿ ಮರೆಯುವವರಿಗೆ ಇದು ದೊಡ್ಡ ವಿಷಯ ಅಲ್ಲ.

ಮ್ಯಾನ್ಯುಯಲ್ ಕೊಳ್ಳುವ ಮುಂಚೆ ಓದಿ

ಒಮ್ಮೆ ಗೆಳೆಯನೊಬ್ಬನ ಕಂಪ್ಯೂಟರಿಗೆ ಎರಡನೇ ಎಂ.2 ಡ್ರೈವ್ ಹಾಕಿಕೊಟ್ಟೆ. ಆನ್ ಮಾಡಿದರೆ ಅವನ ಎರಡು ಹಳೆಯ ಹಾರ್ಡ್ ಡಿಸ್ಕ್‌ಗಳು ಮಾಯ. ಮಕ್ಕಳ ಫೋಟೋ ಎಲ್ಲ ಅದರಲ್ಲೇ ಇತ್ತು, ಪಾಪ ಅವನ ಮುಖ ಬಾಡಿತು. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಆ ಎಂ.2 ಸ್ಲಾಟ್ ತುಂಬಿದರೆ ಹಾರ್ಡ್ ಡಿಸ್ಕ್ ಕೇಬಲ್ ಕೂರುವ ಎರಡು ಸಾಟಾ ಪೋರ್ಟುಗಳು ನಿಲ್ಲುತ್ತವೆ ಅಂತ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಕೇಬಲ್ ಬೇರೆ ಪೋರ್ಟಿಗೆ ಹಾಕಿದ ಮೇಲೆ ಎಲ್ಲ ಬಂತು.

ಹೀಗೆ ಹಂಚಿಕೊಳ್ಳುವುದು ಎಲ್ಲ ಕಂಪನಿಗಳಲ್ಲೂ ಇದೆ. ಪ್ರೊಸೆಸರ್ ಕೊಡುವ ಲೇನ್‌ಗಳೇ ಎಣಿಕೆಯವು. ಎಎಂ5 ಡೆಸ್ಕ್‌ಟಾಪ್ ರೈಜೆನ್‌ಗಳಲ್ಲಿ ಸಾಮಾನ್ಯವಾಗಿ 28 ಲೇನ್ ಇರುತ್ತವೆ, ಅದರಲ್ಲಿ 4 ಚಿಪ್‌ಸೆಟ್‌ಗೆ ಹೋಗುತ್ತವೆ. ಉಳಿದ 24ರಲ್ಲಿ ಗ್ರಾಫಿಕ್ಸ್‌ಗೆ 16, ಮಿಕ್ಕ 8ರಲ್ಲಿ ಎಂ.2 ಡ್ರೈವ್‌ಗಳು. ಎಕ್ಸ್870ರಲ್ಲಿ ಯುಎಸ್‌ಬಿ4 ಕೂಡ 4 ಲೇನ್ ಕೇಳುತ್ತದೆ. ಆಮೇಲೂ ಮೂರು ವೇಗದ ಎಂ.2 ಸ್ಲಾಟ್ ಕೊಡಬೇಕು ಅಂದರೆ ಎಲ್ಲಿಂದಲಾದರೂ ಕಿತ್ತುಕೊಳ್ಳಬೇಕಲ್ವಾ? ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ತುಂಬಿದರೆ ಗ್ರಾಫಿಕ್ಸ್ ಸ್ಲಾಟ್ 16ರಿಂದ 8ಕ್ಕೆ ಇಳಿಯುತ್ತದೆ. ಆಟದಲ್ಲಿ ಇದರ ಪರಿಣಾಮ ಚಿಕ್ಕದೇ. ಆದರೂ ಗೊತ್ತಿದ್ದು ಕೊಳ್ಳುವುದು ಬೇರೆ, ಆಮೇಲೆ ಗೊತ್ತಾಗುವುದು ಬೇರೆ.

ಉದ್ದನೆಯ ಸ್ಲಾಟ್ ಕಂಡ ತಕ್ಷಣ ಅದು ಪೂರ್ತಿ 16 ಲೇನ್ ಅಂದುಕೊಳ್ಳಬೇಡಿ. ಕೆಳಗಿನ ಉದ್ದದ ಸ್ಲಾಟಿಗೆ ಹೆಚ್ಚಾಗಿ 4 ಲೇನ್, ಕೆಲವೊಮ್ಮೆ ಒಂದೇ ಲೇನ್. ಕ್ಯಾಪ್ಚರ್ ಕಾರ್ಡ್, ವೇಗದ ನೆಟ್‌ವರ್ಕ್ ಕಾರ್ಡ್ ಹಾಕುವವರು ಇದನ್ನು ನೋಡಲೇಬೇಕು. ನಾಲ್ಕೂ ಕಂಪನಿಗಳ ಮ್ಯಾನ್ಯುಯಲ್ ಪಿಡಿಎಫ್ ಬೋರ್ಡ್ ಕೊಳ್ಳುವ ಮುಂಚೆಯೇ ಡೌನ್‌ಲೋಡ್ ಮಾಡಬಹುದು. ಸ್ಟೋರೇಜ್ ಪುಟ ಹುಡುಕಿ ಓದಿ. ಯಾವ ಸ್ಲಾಟ್ ತುಂಬಿದರೆ ಯಾವುದು ನಿಲ್ಲುತ್ತದೆ ಅಂತ ಪಟ್ಟಿ ಹಾಕಿ ಬಿಡಿಸಿ ಹೇಳುವ ಕಂಪನಿಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಗಿಗಾಬೈಟ್ ಬೋರ್ಡ್ ಕೊಳ್ಳುವವರಿಗೆ ಇನ್ನೊಂದು ಮಾತು. ಒಂದೇ ಮಾಡೆಲ್ ಹೆಸರಿನಲ್ಲಿ ರಿವಿಷನ್ 1.0, 1.1, 1.2 ಅಂತ ಬೇರೆ ಬೇರೆ ಇರುತ್ತವೆ. ರಿವಿಷನ್ ನಂಬರ್ ಬೋರ್ಡಿನ ಮೂಲೆಯಲ್ಲೇ ಅಚ್ಚಾಗಿರುತ್ತದೆ. ಬಯೋಸ್ ಇಳಿಸಿಕೊಳ್ಳುವಾಗ ನಿಮ್ಮ ರಿವಿಷನ್‌ನ ಪುಟಕ್ಕೇ ಹೋಗಿ.

ರ‍್ಯಾಮ್ ವಿಷಯ

ಕಂಪನಿಗಳು ತಾವು ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿ ಹಾಕಿರುತ್ತವೆ. ಅದಕ್ಕೆ ಕ್ಯೂವಿಎಲ್ ಅಂತ ಹೆಸರು. ಪಟ್ಟಿಯಲ್ಲಿ ಇಲ್ಲದ್ದು ಕೆಲಸ ಮಾಡುವುದಿಲ್ಲ ಅಂತೇನೂ ಅಲ್ಲ. ಪಟ್ಟಿಯಲ್ಲಿ ಇದ್ದರೆ ನೆಮ್ಮದಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಸ್ಪೀಡು ಸಾಕಷ್ಟು ಇಳಿಯುತ್ತದೆ, ಬೋರ್ಡ್ ಎಷ್ಟೇ ದುಬಾರಿಯದಾದರೂ. ಆದ್ದರಿಂದ ಬೇಕಾದಷ್ಟನ್ನು ಎರಡು ಸ್ಟಿಕ್‌ನಲ್ಲೇ ತಗೊಳ್ಳಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಆಮೇಲೆ ಬಯೋಸ್ ಒಳಗೆ ಹೋಗಿ ರ‍್ಯಾಮ್ ತನ್ನ ಪೂರ್ತಿ ಸ್ಪೀಡಿನಲ್ಲಿ ಓಡುವ ಹಾಗೆ ಮಾಡುವ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ. ಇದನ್ನು ಮರೆತು ವರ್ಷಗಟ್ಟಲೆ ನಿಧಾನ ಸ್ಪೀಡಿನಲ್ಲೇ ಓಡಿಸಿದವರನ್ನು ನೋಡಿದ್ದೇನೆ.

ಯಾರ ಕೈಯೂ ಪೂರ್ತಿ ಸ್ವಚ್ಛ ಅಲ್ಲ

"ಆ ಕಂಪನಿ ಬೋರ್ಡ್ ಸುಟ್ಟುಹೋಗುತ್ತೆ, ಈ ಕಂಪನಿದು ಎಂದೂ ಕೆಡಲ್ಲ" ಅನ್ನುವ ಮಾತು ಕೇಳುತ್ತಲೇ ಇರುತ್ತೇವೆ. 2021ರ ಕೊನೆಯಲ್ಲಿ ಆಸುಸ್‌ನ ಮ್ಯಾಕ್ಸಿಮಸ್ ಝಡ್690 ಹೀರೋ ಬೋರ್ಡಿನ ಕೆಲವು ತಯಾರಿಗಳಲ್ಲಿ ಒಂದು ಕೆಪಾಸಿಟರ್ ತಿರುಗಾಮುರುಗಾ ಕೂತಿತ್ತು. ಅದು ದುಬಾರಿ ಬೋರ್ಡ್. ಕಂಪನಿ ಒಪ್ಪಿಕೊಂಡು ಬದಲಾಯಿಸಿಕೊಟ್ಟಿತು. 2023ರಲ್ಲಿ ಎಂಎಸ್‌ಐನ ಬಹಳಷ್ಟು ಬೋರ್ಡುಗಳಲ್ಲಿ ನಂಬಿಕೆಯ ಪ್ರೋಗ್ರಾಂ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೂ ಯಾವ ಪ್ರೋಗ್ರಾಂ ಬಂದರೂ ಒಳಗೆ ಬಿಡುವ ಹಾಗೆ ಸೆಟ್ಟಿಂಗ್ ಇತ್ತು ಅಂತ ಗೊತ್ತಾಯಿತು. ಅದೇ ವರ್ಷ ಗಿಗಾಬೈಟ್ ಬೋರ್ಡುಗಳು ತಾವೇ ಅಪ್‌ಡೇಟ್ ತರಿಸಿಕೊಳ್ಳುವ ರೀತಿಯಲ್ಲಿ ಭದ್ರತೆಯ ಲೋಪ ಕಂಡುಬಂತು. 2025ರಲ್ಲಿ ಆಸ್‌ರಾಕ್‌ನ ಎಎಂ5 ಬೋರ್ಡುಗಳಲ್ಲಿ ರೈಜೆನ್ 9000 ಪ್ರೊಸೆಸರ್‌ಗಳು ಕೆಟ್ಟ ದೂರುಗಳು ಬಂದವು, ಕಂಪನಿ ಹೊಸ ಬಯೋಸ್ ಕೊಟ್ಟಿತು. ನಾಲ್ಕರಲ್ಲಿ ಒಂದನ್ನೂ ಇದೊಂದೇ ಕಾರಣಕ್ಕೆ ನಾನು ಪಟ್ಟಿಯಿಂದ ತೆಗೆದಿಲ್ಲ. ತಪ್ಪು ಗೊತ್ತಾದ ಮೇಲೆ ಎಷ್ಟು ಬೇಗ ಸರಿಮಾಡಿದರು ಅನ್ನುವುದನ್ನು ಮಾತ್ರ ಗಮನಿಸುತ್ತೇನೆ.

ಸರ್ವಿಸ್ ಬಗ್ಗೆ ಬರವಣಿಗೆಯಲ್ಲಿ ಯಾರೂ ನಿಮಗೆ ಪೂರ್ತಿ ಉತ್ತರ ಕೊಡಲಾರರು. ಒಂದೇ ಕಂಪನಿ ಒಂದು ದೇಶದಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತದೆ, ಇನ್ನೊಂದು ಕಡೆ ತಿಂಗಳುಗಟ್ಟಲೆ ಓಡಾಡಿಸುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ. ವಾರಂಟಿ ಎಷ್ಟು ವರ್ಷ? ಕೆಟ್ಟರೆ ಎಲ್ಲಿಗೆ ಕೊಡಬೇಕು? ರಿಪೇರಿ ಮಾಡಿ ಕೊಡುತ್ತಾರಾ, ಬೇರೆ ಬೋರ್ಡ್ ಕೊಡುತ್ತಾರಾ? ಎರಡು ಬೋರ್ಡುಗಳು ಎಲ್ಲದರಲ್ಲೂ ಸಮ ಅನಿಸಿದರೆ, ನಾನು ಸರ್ವಿಸ್ ಹತ್ತಿರ ಇರುವುದನ್ನೇ ಆರಿಸುತ್ತೇನೆ.

ಸಣ್ಣಪುಟ್ಟದ್ದು

ಅಳತೆ: ಎಟಿಎಕ್ಸ್ 305×244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಕ್ಯಾಬಿನೆಟ್‌ಗೆ ಹಿಡಿಸುತ್ತದಾ ನೋಡಿ. ಕನೆಕ್ಟರ್‌ಗಳೆಲ್ಲ ಬೋರ್ಡಿನ ಹಿಂಬದಿಯಲ್ಲಿ ಇರುವ ಬೋರ್ಡುಗಳೂ ಬಂದಿವೆ. ಆಸುಸ್‌ನ ಬಿಟಿಎಫ್, ಎಂಎಸ್‌ಐನ ಪ್ರಾಜೆಕ್ಟ್ ಝೀರೋ ಅಂಥವು. ಅವಕ್ಕೆ ತಕ್ಕ ಕ್ಯಾಬಿನೆಟ್ಟೇ ಬೇಕು.

ದೀಪಗಳಿಗೆ ಬೋರ್ಡಿನಲ್ಲಿ ಎರಡು ಬಗೆಯ ಪಿನ್ ಇರುತ್ತವೆ, 5 ವೋಲ್ಟ್‌ನದು ಮತ್ತು 12 ವೋಲ್ಟ್‌ನದು. 5 ವೋಲ್ಟ್ ದೀಪವನ್ನು 12 ವೋಲ್ಟ್ ಪಿನ್‌ಗೆ ಹಾಕಿದರೆ ಸುಟ್ಟೇಹೋಗುತ್ತದೆ. ಸೌಂಡ್ ಚಿಪ್ ಅಗ್ಗದ್ದರಲ್ಲಿ ಎಎಲ್‌ಸಿ897, ಮೇಲಿನದರಲ್ಲಿ ಎಎಲ್‌ಸಿ1220 ಅಥವಾ ಎಎಲ್‌ಸಿ4080. ಯುಎಸ್‌ಬಿ ಹೆಡ್‌ಸೆಟ್ ಬಳಸುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ವೈಫೈ ಬೇಕಿದ್ದರೆ ವೈಫೈ ಇರುವ ಮಾಡೆಲ್ಲನ್ನೇ ಕೊಳ್ಳಿ.

ತೊಂದರೆ ಎಲ್ಲಿದೆ ಅಂತ ತೋರಿಸುವ ನಾಲ್ಕು ಪುಟ್ಟ ದೀಪಗಳು ಬೋರ್ಡಿನ ಅಂಚಿನಲ್ಲಿ ಇದ್ದರೆ ದೊಡ್ಡ ಉಪಕಾರ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಹೀಗೆ ಒಂದೊಂದಕ್ಕೆ ಒಂದು. ಬಣ್ಣದ ದೀಪಕ್ಕಿಂತ ಇವಕ್ಕೆ ದುಡ್ಡು ಕೊಡಿ.

ಹಾಗಾದರೆ ಯಾವುದು?

ಮನೆಯ ಲೆಕ್ಕಪತ್ರ, ಓದು, ಸಿನಿಮಾ ಇಷ್ಟೇ ಆದರೆ ಮೈಕ್ರೋ ಎಟಿಎಕ್ಸ್ ಅಳತೆಯ ಸಾಧಾರಣ ಬೋರ್ಡ್ ಸಾಕು. ನಾಲ್ಕರಲ್ಲಿ ಸರ್ವಿಸ್ ಹತ್ತಿರ ಇರುವುದು, ಬೆಲೆ ಕಡಿಮೆ ಇರುವುದು ತಗೊಳ್ಳಿ. ಇಲ್ಲಿ ಆಸ್‌ರಾಕ್ ಮತ್ತು ಗಿಗಾಬೈಟ್ ಅನೇಕ ಸಲ ಅದೇ ದುಡ್ಡಿಗೆ ಒಂದು ಎಂ.2 ಸ್ಲಾಟೋ ಒಂದು ಫ್ಯಾನ್ ಪಿನ್ನೋ ಜಾಸ್ತಿ ಕೊಡುತ್ತವೆ.

ಆಟ ಆಡುವವರು, ಮುಂದೆ ಪ್ರೊಸೆಸರ್ ಬದಲಾಯಿಸುವ ಆಸೆ ಇರುವವರು ಎಎಂ5ರ ಬಿ850 ಮಧ್ಯಮ ಬೋರ್ಡ್ ನೋಡಿ. ನನ್ನ ಮೊದಲ ಆಯ್ಕೆ ಎಂಎಸ್‌ಐನ ಟೊಮಾಹಾಕ್. ವಿಆರ್‌ಎಂ ಗಟ್ಟಿ, ಬಯೋಸ್ ಬಟನ್ ಇದೆ, ಬೇಡದ ಅಲಂಕಾರ ಕಡಿಮೆ. ಟಫ್ ಅಥವಾ ಆರಸ್ ಎಲೀಟ್ ಅಗ್ಗಕ್ಕೆ ಸಿಕ್ಕರೆ ಎರಡನೇ ಯೋಚನೆ ಇಲ್ಲದೆ ಅದನ್ನೇ ತಗೊಳ್ಳಿ.

ವಿಡಿಯೋ ಎಡಿಟ್ ಮಾಡುವವರಿಗೆ, ಎರಡು ಮೂರು ಕಾರ್ಡ್ ಹಾಕುವವರಿಗೆ ಆಸುಸ್ ಪ್ರೋಆರ್ಟ್ ಚೆನ್ನ. ದೀಪಗಳ ಗದ್ದಲ ಇಲ್ಲ, ಎಕ್ಸ್870ಇ ಪ್ರೋಆರ್ಟ್‌ನಲ್ಲಿ 10 ಗಿಗಾಬಿಟ್ ನೆಟ್‌ವರ್ಕ್ ಕೂಡ ಇದೆ. ಅದಕ್ಕೂ ಮೇಲಿನ ಎಂಎಸ್‌ಐನ ಗಾಡ್‌ಲೈಕ್, ಎಕ್ಸ್‌ಟ್ರೀಮ್ ಥರದವು ಓವರ್‌ಕ್ಲಾಕ್ ಮಾಡುವುದನ್ನೇ ಪ್ರೀತಿಸುವವರಿಗೆ. ಉಳಿದವರು ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೋ ಮಾನಿಟರಿಗೋ ಹಾಕಿದರೆ ದಿನವೂ ಕಣ್ಣಿಗೆ ಕಾಣುತ್ತದೆ.

ಬೋರ್ಡ್ ಕೈಗೆ ಬಂದ ದಿನ

ಡಬ್ಬ ತೆರೆದ ಕೂಡಲೇ ಸಾಕೆಟ್‌ನ ಪಿನ್‌ಗಳ ಫೋಟೋ ತೆಗೆಯಿರಿ, ಬೆಳಕು ಚೆನ್ನಾಗಿರುವ ಕಡೆ. ಸೀರಿಯಲ್ ನಂಬರಿನದೂ ಒಂದು ತೆಗೆಯಿರಿ. ಈಗ ಇಂಟೆಲ್, ಎಎಂ5 ಎರಡರಲ್ಲೂ ಪಿನ್ ಇರುವುದು ಬೋರ್ಡಿನಲ್ಲಿ. ಪಿನ್ ಬಾಗಿದರೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ಬೋರ್ಡ್ ವಾಪಸ್ ಕಳಿಸುವಾಗ ಅದು ಬೇಕು.

ಎಲ್ಲ ಜೋಡಿಸಿ ಮೊದಲ ಸಲ ಆನ್ ಮಾಡಿದಾಗ, ಅದರಲ್ಲೂ ಎಎಂ5 ಬೋರ್ಡಿನಲ್ಲಿ, ಪರದೆ ಕಪ್ಪಾಗೇ ಇರುತ್ತದೆ. ರ‍್ಯಾಮ್ ದೀಪ ಉರಿಯುತ್ತಿರುತ್ತದೆ. ಬೋರ್ಡ್ ಆಗ ರ‍್ಯಾಮ್ ಅನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಇದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ, ರ‍್ಯಾಮ್ ಜಾಸ್ತಿ ಇದ್ದರೆ ಇನ್ನೂ ಹೊತ್ತು. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಸುಮ್ನೆ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.